ಬಚ್ಚಲೊಲೆ ಹಚ್ಚೋಕೆ 349 ರೂಪಾಯಿ ಡಬ್ಬಿ ತರಿಸಿದ್ದೆ, ಆಮೇಲೆ ಮನೇಲೇ ಮಾಡ್ಕೊಂಡೆ

ಮೊದಲೇ ಹೇಳ್ಬಿಡ್ತೀನಿ, ಆನ್‌ಲೈನಲ್ಲಿ ತರಿಸಿದ ಬಿಳಿ ಫೈರ್ ಸ್ಟಾರ್ಟರ್ ಕ್ಯೂಬಿಗೆ, ಅಂದ್ರೆ ಸೌದೆ ಹೊತ್ತಿಸೋಕೆ ಒಲೆ ಒಳಗೆ ಇಡೋ ತುಂಡಿಗೆ, ನಂದು ಐದಕ್ಕೆ ಎರಡೂವರೆ ಸ್ಟಾರು. ಕೆಲಸ ಮಾಡಲ್ಲ ಅಂತಲ್ಲ, ಮಾಡತ್ತೆ. ಆದ್ರೆ ದಿನಾ ಎರಡು ಹೊತ್ತು ಒಲೆ ಹಚ್ಚೋ ಮನೆಗೆ ಅದು ಹೇಳಿದ್ದಲ್ಲ, ಯಾಕೆ ಅಂತ ಮುಂದೆ ಓದಿ.

ನಮ್ಮನೆ ಇರೋದು ತೀರ್ಥಹಳ್ಳಿಯಿಂದ ಆಗುಂಬೆ ಕಡೆ ಹೋಗೋ ರಸ್ತೇಲಿ ಸ್ವಲ್ಪ ಒಳಗೆ. ಆಗುಂಬೇಲಿ ವರ್ಷಕ್ಕೆ ಸರಾಸರಿ 7000 ಮಿಲಿಮೀಟರ್‌ಗೂ ಜಾಸ್ತಿ ಮಳೆ, ನಮ್ಮಲ್ಲಿ ಅಷ್ಟಿಲ್ಲ ಅಂದ್ರೂ ಜೂನಿಂದ ಸೆಪ್ಟೆಂಬರ್ ತನಕ ಒಗೆದ ಬನೀನು ಮೂರು ದಿನ ಆದ್ರೂ ಒಣಗಲ್ಲ. ಸೋಲಾರ್ ಇದೆ, ಮಳೆಗಾಲದಲ್ಲಿ ಅದು ಮಾಡಿನ ಮೇಲೆ ಅಲಂಕಾರಕ್ಕೆ ಅಷ್ಟೇ. ಗೀಸರೂ ಇದೆ, ಕರೆಂಟು ಇರ್ಬೇಕಲ್ಲ. ಹಂಗಾಗಿ ಬಚ್ಚಲು ಮನೇಲಿ ಹಂಡೆ, ಹಂಡೆ ಕೆಳಗೆ ಒಲೆ, ಅದೇ ಗತಿ. ನಾನು ಬೆಂಗಳೂರಲ್ಲಿದ್ದಾಗ ಊರಿಗೆ ಬಂದ್ರೆ ಬಿಸಿನೀರು ತಾನಾಗೇ ಇರ್ತಿತ್ತು, ವರ್ಕ್ ಫ್ರಮ್ ಹೋಮ್ ಅಂತ ಇಲ್ಲೇ ಕೂತ ಮೇಲೆ ಗೊತ್ತಾಯ್ತು ಅದನ್ನ ಬೆಳಗ್ಗೆ ಐದೂವರೆಗೆ ಅಮ್ಮ ಕಣ್ಣಲ್ಲಿ ನೀರು ಸುರಿಸ್ಕೊಂಡು ಊದಿ ಊದಿ ಕಾಯಿಸ್ತಿದ್ರು ಅಂತ.

ಒಲೆ ಹಚ್ಚೋಕೆ ಅಮ್ಮ ಏನು ಹಾಕ್ತಿದ್ರು ಅಂತ ಕೇಳಿದ್ರೆ ನಿಮ್ಮನೆ ಕಥೇನೂ ಅದೇ ಇರತ್ತೆ. ಮುಂಚೆ ರೇಷನ್ ಸೀಮೆಎಣ್ಣೆ ಇತ್ತು, ಒಂದು ಗರಟೆಗೆ ಹಾಕಿ ಗೀರಿದ್ರೆ ಮುಗೀತು. ನಮಗೆ ಅದು ನಿಂತು ಎಷ್ಟೋ ವರ್ಷ ಆಯ್ತು. ಆಮೇಲೆ ಹಾಲಿನ ಕವರು, ಅಂಗಡಿ ಪ್ಲಾಸ್ಟಿಕ್ಕು, ಹಳೇ ಹವಾಯಿ ಚಪ್ಪಲಿ, ಸೈಕಲ್ ಟ್ಯೂಬಿನ ತುಂಡು. ಟ್ಯೂಬಿನ ತುಂಡು ಒಂದು ಬೆರಳಷ್ಟು ಸಾಕು, ಎಂಥ ಒದ್ದೆ ಸೌದೇನೂ ಹೊತ್ಕೊಳ್ಳತ್ತೆ, ಅದನ್ನ ನಾನು ಒಪ್ಕೋತೀನಿ, ಆದ್ರೆ ಆ ಕಪ್ಪು ಹೊಗೆ ಬಚ್ಚಲು ಮನೆ ತುಂಬಾ ತುಂಬ್ಕೊಂಡು ಅಮ್ಮಂಗೆ ಕೆಮ್ಮು ಶುರುವಾದ್ರೆ ಕಾಫಿ ಕುಡಿಯೋ ಹೊತ್ತಾದ್ರೂ ನಿಲ್ತಿರ್ಲಿಲ್ಲ. ಒಂದ್ಸಲ ಅಪ್ಪ ಮಿಕ್ಕಿದ್ದ ಪಿವಿಸಿ ಪೈಪಿನ ಚೂರು ಹಾಕೋಕೆ ಹೋಗಿದ್ರು, ನಾನು ಕೈಯಿಂದ ಕಿತ್ಕೊಂಡೆ. ಪಿವಿಸಿ ಸುಟ್ರೆ ಕ್ಲೋರಿನ್ ಸೇರಿದ ಕೆಟ್ಟ ಅನಿಲ ಬರತ್ತೆ, ಡಯಾಕ್ಸಿನ್ ಅಂತ ವಿಷಾನೂ ಹುಟ್ಟತ್ತೆ ಅಂದೆ. "ಹಂಗಾರೆ ನೀನೇ ಹಚ್ಚು" ಅಂದ್ರು. ಅಲ್ಲಿಂದ ಒಲೆ ನನ್ನ ತಲೆಗೆ ಬಂತು.

ನಾನು ಐಟಿ ಜನ, ಮೊದಲು ಮೊಬೈಲ್ ತೆಗ್ದೆ. 24 ಬಿಳಿ ಕ್ಯೂಬಿನ ಪ್ಯಾಕು 349 ರೂಪಾಯಿ, ಅಂದ್ರೆ ಒಂದಕ್ಕೆ ಹದಿನಾಲ್ಕೂವರೆ. ಐದು ದಿನಕ್ಕೆ ಬಂತು. ಬಾಕ್ಸ್ ಒಂದು ಮೂಲೇಲಿ ಜಜ್ಜಿಹೋಗಿ ಒಳಗಿನ ಕವರು ಹರಿದಿತ್ತು, ಎರಡು ಕ್ಯೂಬು ಪುಡಿ. ಫೋಟೋ ತೆಗೆದು ಕಂಪ್ಲೇಂಟ್ ಹಾಕ್ದೆ, ಇದು ರಿಟರ್ನ್ ತಗೊಳ್ಳೋ ಐಟಂ ಅಲ್ಲ ಅಂತ ಉತ್ತರ. ಹೋಗ್ಲಿ ಬಿಡಿ ಅಂತ ಅಡುಗೆಮನೆ ಮೇಲಿನ ಶೆಲ್ಫಲ್ಲಿ ಇಟ್ಟೆ, ಅದು ನನ್ನ ಜೀವನದ ದೊಡ್ಡ ತಪ್ಪುಗಳಲ್ಲಿ ಒಂದು. ಆ ಕ್ಯೂಬಿಗೆ ಸೀಮೆಎಣ್ಣೆ ತರದ್ದೇ ವಾಸನೆ, ಎರಡು ದಿನ ಬಿಟ್ಟು ಪಕ್ಕದಲ್ಲಿದ್ದ ಕಾಫಿಪುಡಿ ಡಬ್ಬಿ ತೆಗೆದ್ರೆ ಕಾಫಿಪುಡೀನೂ ಅದೇ ವಾಸನೆ. ಅರ್ಧ ಕೆಜಿ ಪುಡಿ ಗೊಬ್ಬರದ ಗುಂಡಿಗೆ. ಅವತ್ತು ಅಮ್ಮ ನಂಗೆ ಕೊಟ್ಟಿದ್ದು ಕಷಾಯ.

ಬಳಕೆ ಹೇಗೆ ಅಂದ್ರೆ, ಒಂದು ಕ್ಯೂಬು ಒಲೆ ಒಳಗಿಟ್ಟು ಕಡ್ಡಿ ಗೀರಿದ್ರೆ ತಕ್ಷಣ ಹತ್ಕೊಳ್ಳತ್ತೆ, ಇದರಲ್ಲಿ ಎರಡು ಮಾತಿಲ್ಲ. ಮೊಬೈಲ್ ಟೈಮರ್ ಇಟ್ಟು ನೋಡ್ದೆ, ಎಂಟು ನಿಮಿಷ ಉರೀತು, ಪ್ಯಾಕಿನ ಮೇಲೆ ಹತ್ತರಿಂದ ಹನ್ನೆರಡು ಅಂತ ಬರ್ದಿತ್ತು. ಉರಿ ಚೆನ್ನಾಗೇ ಎತ್ತರಕ್ಕೆ ಬರತ್ತೆ, ಹೊಗೆ ಟ್ಯೂಬಿಗೆ ಹೋಲಿಸಿದ್ರೆ ಏನೂ ಅಲ್ಲ. ಒಣ ಜಿಗ್ಗು, ಅಂದ್ರೆ ಸಣ್ಣ ಪುಳ್ಳೆ, ಇದ್ದ ದಿನ ಅರ್ಧ ಕ್ಯೂಬೂ ಸಾಕು, ಚಾಕುವಲ್ಲಿ ಕತ್ತರಿಸ್ಬೋದು. ಆದ್ರೆ ಜುಲೈನಲ್ಲಿ ಅಕೇಶಿಯಾ ಸೌದೆ ಸ್ವಲ್ಪ ನೆಂದಿದ್ರೆ ಎಂಟು ನಿಮಿಷ ಸಾಲಲ್ಲ, ಕ್ಯೂಬು ಉರಿದು ಮುಗಿಯತ್ತೆ, ಸೌದೆ ಸುಂಯ್ ಅಂತ ತುದೀಲಿ ನೊರೆ ಬಿಡ್ತಾ ಇರತ್ತೆ, ಮತ್ತೆ ಇನ್ನೊಂದು. ಎರಡು ಹೊತ್ತಿಗೆ ಒಂದೊಂದು ಅಂದ್ರೂ ತಿಂಗಳಿಗೆ 60, ಸುಮಾರು 870 ರೂಪಾಯಿ. ಅಮ್ಮ ಲೆಕ್ಕ ಹಾಕಿ "ಗ್ಯಾಸ್ ಸಿಲಿಂಡರಿಗೆ ಹತ್ರ ಹತ್ರ ಬಂತಲ್ಲೋ, ಬೆಂಕಿ ಹಚ್ಚೋಕೆ ಬೆಂಕಿಗಿಂತ ಜಾಸ್ತಿ ದುಡ್ಡಾ" ಅಂದ್ರು. ಬೆಂಕಿಪೊಟ್ಟಣ 2021ರ ಡಿಸೆಂಬರಲ್ಲಿ ಒಂದು ರೂಪಾಯಿಂದ ಎರಡಕ್ಕೆ ಏರಿದ್ದಕ್ಕೇ ವಾರಗಟ್ಟಲೆ ಗೊಣಗಿದ ಹೆಂಗಸು ಅವ್ರು.

ಇನ್ನೊಂದು ತರದ್ದು ಚಿಕ್ಕಮಗಳೂರಲ್ಲಿ ಬಾವನ ಹೋಂಸ್ಟೇನಲ್ಲಿ ನೋಡಿದ್ದು, ಮರದ ಎಳೆ ಅಂದ್ರೆ ನೂಡಲ್ಸ್ ತರ ತೆಳ್ಳಗೆ ಹೆರೆದ ಮರ, ಅದನ್ನ ಸಣ್ಣ ಸಿಂಬಿ ಹಂಗೆ ಸುತ್ತಿ ಮೇಣದಲ್ಲಿ ಅದ್ದಿರೋದು. ಅದು ನಂಗಿಷ್ಟ ಆಯ್ತು. ವಾಸನೆ ಇಲ್ಲ, ಕೈಗೆ ಅಂಟಲ್ಲ, ಅತಿಥಿಗಳು ರಾತ್ರಿ ಫೈರ್‌ಪ್ಲೇಸ್ ಮುಂದೆ ಕೂತು ತಾವೇ ಹಚ್ಕೊಂಡು ರೀಲ್ಸ್ ಮಾಡ್ಕೋತಾರೆ, ಬಾವನೂ ಖುಷಿ. ಅದೂ ಒಂದಕ್ಕೆ ಹದಿನೈದು ಹದಿನಾರು ಬೀಳತ್ತೆ, ಆದ್ರೆ ಅವ್ರು ಆ ದುಡ್ಡನ್ನ ರೂಮ್ ಬಾಡಿಗೇಲಿ ಸೇರಿಸ್ಕೋತಾರೆ, ನಾನು ಯಾರ ಹತ್ರ ಸೇರಿಸ್ಕೊಳ್ಳಲಿ? ಆ ಸಿಂಬೀನ ಬಿಡಿಸಿ ನೋಡ್ದಾಗಲೇ ತಲೆಗೆ ಹೊಳೆದಿದ್ದು, ಇದರಲ್ಲಿ ಇರೋದು ಎರಡೇ ಸಾಮಾನು, ಮರದ ಎಳೆ ಮತ್ತೆ ಮೇಣ, ಎಳೆ ಬದಲು ಮರದ ಹೊಟ್ಟು ಹಾಕಿದ್ರಾಯ್ತು, ಇದನ್ನ ಮಾಡೋಕೆ ಯಾವ ವಿದ್ಯೆ ಬೇಕು ಅಂತ.

ವಿದ್ಯೆ ಬೇಕು, ಆಮೇಲೆ ಗೊತ್ತಾಯ್ತು.

ಅದರ ಮರ್ಮ ಏನಪ್ಪಾ ಅಂದ್ರೆ ಇದು ಮೇಣದಬತ್ತೀನೇ, ಬತ್ತಿ ಮಾತ್ರ ದಪ್ಪ. ಮೇಣ ಗಟ್ಟಿಯಾಗಿದ್ದಾಗ ಉರಿಯಲ್ಲ, ಕರಗಿ, ಬತ್ತೀಲಿ ಮೇಲೇರಿ, ಆವಿಯಾಗಿ ಆ ಆವಿ ಉರಿಯೋದು. ಮೇಣದಬತ್ತೀಲಿ ಒಂದು ದಾರ ಇರತ್ತೆ, ಇಲ್ಲಿ ಹೊಟ್ಟಿನ ಒಂದೊಂದು ಕಣಾನೂ ಬತ್ತಿ, ಅದಕ್ಕೇ ಉರಿ ಅಷ್ಟು ದೊಡ್ಡದು. ತೂಕಕ್ಕೆ ತೂಕ ನೋಡಿದ್ರೆ ಮೇಣದಲ್ಲಿರೋ ಶಾಖ ಒಣ ಸೌದೆಗಿಂತ ಎರಡು ಪಟ್ಟಿಗೂ ಮೇಲೆ. ಬೆಂಕಿಕಡ್ಡೀಲೂ ಇದೇ ಉಪಾಯ ಅಡಗಿದೆ, ಮದ್ದು ಹಾಕೋಕೆ ಮುಂಚೆ ಕಡ್ಡಿ ತುದೀನ ಮೇಣದಲ್ಲಿ ಅದ್ದಿರ್ತಾರೆ, ಇಲ್ದಿದ್ರೆ ಮದ್ದು ಪುಸ್ ಅಂತ ಉರಿದು ಕಡ್ಡಿಗೆ ಹತ್ತೋದೇ ಇಲ್ಲ.

ಸರಿ, ಮರದ ಹೊಟ್ಟು ಊರಿನ ಬಡಗಿ ಹತ್ರ ಒಂದು ಗೋಣಿಚೀಲ ಫ್ರೀ. ಒಂದು ಮಾತು, ಪ್ಲೈವುಡ್ ಎಂಡಿಎಫ್ ಕೊಯ್ದ ಹುಡಿ ತಗೋಬೇಡಿ, ಅದರಲ್ಲಿ ಅಂಟು ಇರತ್ತೆ, ಸುಟ್ರೆ ಕಣ್ಣುರಿ. ಬರೀ ಸಾಗವಾನಿ, ಹೊನ್ನೆ ಅಂಥ ಮರ ಹೆರೆದ ಹೊಟ್ಟು ಕೇಳಿ ತಗೊಳ್ಳಿ, ನುಣ್ಣಗಿನ ಹುಡಿಗಿಂತ ತೋಪಡ ಹೊಡೆದಾಗ ಬರೋ ಸುರುಳಿ ಸುರುಳಿ ಹೊಟ್ಟು ಇನ್ನೂ ವಾಸಿ. ಮೇಣಕ್ಕೆ ಮನೇಲಿ ಕರೆಂಟು ಹೋದಾಗ ಹಚ್ಚಿ ಉಳಿದಿದ್ದ ಮೊಂಡು ಮೇಣದಬತ್ತಿಗಳು ಒಂದು ಡಬ್ಬಿ ತುಂಬಾ ಇದ್ವು, ಅದು ಮುಗಿದ ಮೇಲೆ ಪ್ಯಾರಾಫಿನ್ ಮೇಣ ಕೆಜಿಗೆ 180ರಂತೆ ತರಿಸಿದೆ.

ಅಚ್ಚಿಗೆ ಮೊಟ್ಟೆ ಟ್ರೇ. ಇಲ್ಲಿ ರಗಳೆ ಶುರು. ನಮ್ಮನೆ ಒಳಗೆ ಮೊಟ್ಟೆ ಬರಲ್ಲ, ಮೊಟ್ಟೆ ಇಲ್ದಿರೋ ಖಾಲಿ ರಟ್ಟಿನ ಟ್ರೇ ಕೂಡ ಬರಲ್ಲ ಅಂತ ಅವತ್ತೇ ನಂಗೆ ಗೊತ್ತಾಗಿದ್ದು. ಪೇಟೆ ಬೇಕರೀಲಿ ನಾಲ್ಕು ಟ್ರೇ ಇಸ್ಕೊಂಡು ಬಂದೆ, ಒಂದರಲ್ಲಿ 30 ಗುಳಿ, ಅಮ್ಮ ಬಾಗಿಲಲ್ಲೇ ತಡೆದ್ರು. ಹಂಗಾಗಿ ನನ್ನ ಫ್ಯಾಕ್ಟರಿ ಹಿತ್ಲ ಜಗಲೀಲಿ, ಹಳೇ ಸಿಂಗಲ್ ಬರ್ನರ್ ಸ್ಟವ್ ಇಟ್ಕೊಂಡು. ಒಳ್ಳೇದೇ ಆಯ್ತು ಬಿಡಿ, ಈ ಕೆಲಸ ಹೊರಗೆ ಮಾಡೋದೇ ಸರಿ.

ಮೊದಲನೇ ಸಲ ನಾನು ಮಾಡಿದ ದಡ್ಡತನ, ಮೇಣದ ಪಾತ್ರೇನ ನೇರವಾಗಿ ಉರಿ ಮೇಲೆ ಇಟ್ಟಿದ್ದು. ಕರಗ್ತು, ಮೊಬೈಲ್ ನೋಡ್ತಾ ಕೂತೆ, ನೋಡ್ತಿದ್ದಂಗೆ ಬಿಳಿ ಹೊಗೆ ಏಳೋಕೆ ಶುರು. ಮೇಣ ಕರಗೋಕೆ 60 ಡಿಗ್ರಿ ಆಸುಪಾಸು ಸಾಕು, ಅದೇ 200 ಡಿಗ್ರಿ ಹತ್ರ ಹೋದ್ರೆ ಅದರ ಆವಿಗೆ ಬೆಂಕಿ ಹತ್ಕೊಳ್ಳತ್ತೆ, ಆಗ ಅಪ್ಪಿತಪ್ಪಿ ನೀರು ಹಾಕಿದ್ರೋ ಮುಗೀತು, ಬಿಸಿ ಎಣ್ಣೆಗೆ ನೀರು ಬಿದ್ದಂಗೆ ಸಿಡಿದು ಉರಿ ಮಾಡಿಗೆ ಮುಟ್ಟತ್ತೆ. ಪುಣ್ಯಕ್ಕೆ ಸ್ಟವ್ ಆರಿಸಿ ತಟ್ಟೆ ಮುಚ್ಚಿದೆ. ಅಲ್ಲಿಂದ ದೊಡ್ಡ ಪಾತ್ರೇಲಿ ನೀರು ಕುದಿಸಿ ಅದರೊಳಗೆ ಮೇಣದ ಡಬ್ಬಿ ಇಡೋದು, ನೀರು ನೂರು ಡಿಗ್ರಿ ದಾಟಲ್ಲ, ಹಂಗಾಗಿ ಮೇಣಾನೂ ದಾಟಲ್ಲ. ಇದಂತೂ ದಯವಿಟ್ಟು ಶಾರ್ಟ್‌ಕಟ್ ಮಾಡೋಕೆ ಹೋಗ್ಬೇಡಿ, ಮಕ್ಕಳನ್ನ ಹತ್ರ ಬಿಡ್ಬೇಡಿ.

ಎರಡನೇ ದಡ್ಡತನ ಇನ್ನೂ ದುಬಾರಿ. ಮೇಣ ಕರಗಿಸಿದ ಡಬ್ಬೀನ ಬಿಸಿನೀರಲ್ಲಿ ತೊಳೆದು ಹಿತ್ಲ ಸಿಂಕಿಗೆ ಚೆಲ್ದೆ. ಪೈಪಲ್ಲಿ ಹೋಗ್ತಾ ಹೋಗ್ತಾ ತಣ್ಣಗಾಗಿ ಬೆಂಡಲ್ಲಿ ಗಟ್ಟಿ ಆಗಿ ಕೂತ್ಕೊಂಡ್ತು, ಸಿಂಕು ತುಂಬಿ ಜಗಲಿ ಎಲ್ಲಾ ನೀರು. ಪ್ಲಂಬರಿಗೆ 400 ರೂಪಾಯಿ. ಅಂದ್ರೆ 27 ಕ್ಯೂಬಿನ ದುಡ್ಡು. ಈಗ ಆ ಡಬ್ಬಿ ತೊಳೆಯೋದೇ ಇಲ್ಲ, ಅದು ಮೇಣಕ್ಕೇ ಮೀಸಲು, ಮಿಕ್ಕಿದ್ದು ಅದರಲ್ಲೇ ಗಟ್ಟಿಯಾಗಿ ಮುಂದಿನ ಸಲಕ್ಕೆ ಇರತ್ತೆ.

ಹೊಟ್ಟು ಹಾಕೋದು ಗುಳೀಲಿ ಮುಕ್ಕಾಲು ಭಾಗ, ಒತ್ತಿ ತುಂಬಬಾರದು, ಒತ್ತಿದ್ರೆ ಗಾಳಿ ಆಡಲ್ಲ, ಉರಿ ಸತ್ತ ಹಂಗೆ ಇರತ್ತೆ. ಮೇಲಿಂದ ಮೇಣ ನಿಧಾನಕ್ಕೆ ಹುಯ್ಯೋದು, ಗುಳಿಗೆ ಹತ್ತು ಗ್ರಾಂ ಆಸುಪಾಸು. ಹುಯ್ದ ತಕ್ಷಣ ಹೊಟ್ಟು ತಿಳಿ ಬಣ್ಣದಿಂದ ಬೆಲ್ಲದ ಬಣ್ಣಕ್ಕೆ ತಿರುಗತ್ತೆ, ಮೇಣ ರಟ್ಟಿಗೆ ಇಳಿದು ಬಿಸಿ ಬೋಂಡಾ ಕಟ್ಟಿಕೊಟ್ಟ ಪೇಪರ್ ಇರತ್ತಲ್ಲ ಆ ತರ ಮಸುಕಾಗಿ ಒಳಗಿದ್ದು ಹೊರಗೆ ಕಾಣೋ ಹಂಗಾಗತ್ತೆ. ಅಲ್ಲಿಗೆ ನಿಲ್ಲಿಸ್ಬೇಕು. ಟ್ರೇ ತಳದಲ್ಲಿ ಪೂರ್ತಿ ಇಳಿದು ನೆಲಕ್ಕೆ ಅಂಟಿದ್ರೆ ಮೇಣ ದಂಡ, ಕೆಳಗೊಂದು ಹಳೇ ಪೇಪರ್ ಹಾಕ್ಕೊಳ್ಳಿ. ಒಂದು ಗಂಟೆ ಬಿಟ್ಟು ಕೈಯಲ್ಲೇ ಹರ್ಕೊಂಡ್ರೆ ಆಯ್ತು, ಕತ್ತರಿ ಬೇಡ, ಹರಿದಾಗ ಅಂಚಲ್ಲಿ ನಾರು ನಾರು ಎದ್ದಿರತ್ತಲ್ಲ, ಕಡ್ಡಿ ಗೀರಿ ಅಲ್ಲಿಗೇ ಹಿಡೀಬೇಕು, ಕತ್ತರಿಯಲ್ಲಿ ನೀಟಾಗಿ ಕತ್ತರಿಸಿದ ಅಂಚು ಅಷ್ಟು ಬೇಗ ಹತ್ಕೊಳ್ಳಲ್ಲ. 30ಕ್ಕೆ 300 ಗ್ರಾಂ ಮೇಣ, 54 ರೂಪಾಯಿ, ಗ್ಯಾಸು ಸೇರಿಸಿದ್ರೂ ಒಂದಕ್ಕೆ ಎರಡು ರೂಪಾಯಿ. ಟೈಮರ್ ಪ್ರಕಾರ ಹನ್ನೆರಡು ನಿಮಿಷ ಉರೀತು. ಹದಿನಾಲ್ಕೂವರೆ ರೂಪಾಯಿದು ಎಂಟು ನಿಮಿಷ, ನೀವೇ ನೋಡಿ. ಅದಕ್ಕೆ ಸರಿಯಾಗಿ ನಂದು ತೂಕಾನೂ ಜಾಸ್ತಿ, ಅದನ್ನೂ ಹೇಳ್ಬೇಕು, ಕ್ಯೂಬು ಎಂಟು ಗ್ರಾಂ, ನಂದು ಹದಿನೆಂಟು. ಗಾತ್ರ ದಪ್ಪ, ಜೇಬಲ್ಲಿ ಹಾಕ್ಕೊಂಡು ಟ್ರೆಕ್ಕಿಂಗ್ ಹೋಗೋರಿಗೆ ಕ್ಯೂಬೇ ಅನುಕೂಲ.

ಆಮೇಲೆ ಪ್ರಯೋಗದ ಹುಚ್ಚು ಹಿಡೀತು. ಅಡಿಕೆ ಸಿಪ್ಪೆ ನಮ್ಮಲ್ಲಿ ರಾಶಿ ರಾಶಿ, ಕೊಟ್ಟಿಗೆ ಹಿಂದೆ ಕೊಳೀತಾ ಬಿದ್ದಿರತ್ತೆ. ಹಸಿ ಅಡಿಕೆ ಸುಲಿದ ಸಿಪ್ಪೆ ಒಣಗಿದ್ರೂ ಮುರುಟ್ಕೊಂಡು ಗಟ್ಟಿ, ಬೇಗ ಹತ್ತಲ್ಲ. ಗೋಟು, ಅಂದ್ರೆ ಹಣ್ಣಾಗಿ ಸಿಪ್ಪೆ ಸಮೇತ ಒಣಗಿದ ಅಡಿಕೆ, ಅದರ ಸಿಪ್ಪೆ ಬೇರೆ ಲೆಕ್ಕ, ಅದು ನಾರು ನಾರಾಗಿ ಹಕ್ಕಿಗೂಡಿನ ತರ ಬಿಡಿಸ್ಕೊಳ್ಳತ್ತೆ, ಅದನ್ನ ಒಂದು ಹಿಡಿ ಉಂಡೆ ಮಾಡಿ ಮೇಣದಲ್ಲಿ ಅರ್ಧ ಅದ್ದಿ ತೆಗೆದ್ರೆ ಬಾವನ ಹೋಂಸ್ಟೇ ಸಿಂಬಿಗೂ ಇದಕ್ಕೂ ವ್ಯತ್ಯಾಸಾನೇ ಇಲ್ಲ. ಉರಿಯೋದು ಹದಿಮೂರು ನಿಮಿಷ, ಅರ್ಧ ಭಾಗಕ್ಕೆ ಮೇಣ ತಾಗದೆ ಒಣ ನಾರಾಗೇ ಇರೋದ್ರಿಂದ ಮಳೆಗಾಲದಲ್ಲೂ ಒಂದೇ ಕಡ್ಡೀಲಿ ಹತ್ಕೊಳ್ಳತ್ತೆ. ತೋಟ ಇರೋರು ಹೊಟ್ಟಿಗೆ ಬಡಗಿ ಮನೆ ಸುತ್ತೋದು ಬೇಡ, ಇದನ್ನೇ ಮಾಡಿ. ತೆಂಗಿನ ನಾರೂ ಆಗತ್ತೆ, ಸ್ವಲ್ಪ ಬೇಗ ಉರಿದು ಹೋಗತ್ತೆ ಅಷ್ಟೇ.

ಮೇಣದ ಬದಲು ಕೊಬ್ಬರಿ ಎಣ್ಣೆ ಹಾಕಿದ್ರೆ ಹೆಂಗೆ ಅಂತ ಅತಿ ಬುದ್ಧಿವಂತಿಕೆ ತೋರಿಸಿ ಹತ್ತು ಮಾಡಿದ್ದೆ. ಬೆಳಗ್ಗೆ ನೋಡಿದ್ರೆ ಏಳು. ಮಾರನೇ ದಿನ ನಾಲ್ಕು. ಇಲಿಗಳಿಗೆ ಹಬ್ಬ. ಕರ್ಪೂರ ಪುಡಿ ಮಾಡಿ ಮೇಲೆ ಉದುರಿಸಿ ನೋಡ್ದೆ, ಹತ್ತೋದು ಭರ್ಜರಿ, ಆದ್ರೆ ಕರ್ಪೂರ ಗಾಳಿಗೆ ತಾನಾಗೇ ಹಾರಿಹೋಗೋ ವಸ್ತು, ತಿಂಗಳು ಬಿಟ್ಟು ನೋಡಿದ್ರೆ ಏನೂ ಇರಲ್ಲ, ಮಸಿ ಬೇರೆ ಜಾಸ್ತಿ. ಜೇನುಪೆಟ್ಟಿಗೆ ಇಟ್ಟಿರೋ ಪಕ್ಕದ ಮನೆಯೋರು ಒಂದು ಮುದ್ದೆ ಜೇನುಮೇಣ ಕೊಟ್ರು, ಅದರಲ್ಲಿ ಮಾಡಿದ್ದು ಬಚ್ಚಲು ಮನೆ ತುಂಬಾ ಎಷ್ಟು ಒಳ್ಳೇ ವಾಸನೆ ಅಂದ್ರೆ ಅದನ್ನ ಒಲೆಗೆ ಹಾಕಿದ್ದಕ್ಕೆ ಬೇಜಾರಾಯ್ತು. ಪೇಪರ್ ಟೀ ಕಪ್ ಅಚ್ಚಿಗೆ ಬಳಸ್ಬೋದು ಅಂತ ಯೂಟ್ಯೂಬಲ್ಲಿ ತೋರಿಸ್ತಾರೆ, ಒಳಗಡೆ ಪ್ಲಾಸ್ಟಿಕ್ ಪದರ ಇರತ್ತೆ ಕಣ್ರೀ, ಮತ್ತೆ ಹಾಲಿನ ಕವರಿಗೇ ಬಂದಂಗಾಯ್ತು. ಅಮೆರಿಕದಲ್ಲಿರೋ ಅತ್ತಿಗೆ ಫೋನಲ್ಲಿ ಹೇಳಿದ್ದು, ಅಲ್ಲಿ ಬಟ್ಟೆ ಒಣಗಿಸೋ ಮಷೀನಲ್ಲಿ ಸಿಕ್ಕೋ ನೂಲಿನ ಧೂಳನ್ನ ಇದಕ್ಕೆ ತುಂಬ್ತಾರಂತೆ. ನಮಗೆ ಬಟ್ಟೆ ಒಣಗಿಸೋ ಮಷೀನ್ ಇದ್ದಿದ್ರೆ ಮಳೆಗಾಲದಲ್ಲಿ ಇಷ್ಟು ಗೋಳೇ ಇರ್ತಿರ್ಲಿಲ್ವಲ್ಲ. ಅದ್ರಲ್ಲೂ ಪಾಲಿಯೆಸ್ಟರ್ ಬಟ್ಟೆದಾದ್ರೆ ಅದೂ ಪ್ಲಾಸ್ಟಿಕ್ಕೇ, ಬರೀ ಹತ್ತಿ ಬಟ್ಟೆದಾದ್ರೆ ಪರವಾಗಿಲ್ಲ ಅಂದೆ.

ಇಷ್ಟೆಲ್ಲಾ ಆದ ಮೇಲೆ ಒಂದು ವಿಷಯ ಬೈಸ್ಕೊಂಡಾದ್ರೂ ಹೇಳ್ಬೇಕು. ಅಂಗಡೀದಿರಲಿ ಮನೇದಿರಲಿ, ಹಸಿ ಸೌದೆ ಮುಂದೆ ಯಾವ ಫೈರ್ ಸ್ಟಾರ್ಟರ್ ಆಟಾನೂ ನಡೆಯಲ್ಲ. ಆಗ ತಾನೇ ಕಡಿದ ಮರದಲ್ಲಿ ಅರ್ಧ ತೂಕ ನೀರೇ ಇರ್ಬೋದು, ಒಂದು ಕೆಜಿ ಸೌದೆ ಉರೀಬೇಕಾದ್ರೆ ಮೊದಲು ಅರ್ಧ ಲೀಟರ್ ನೀರು ಕುದ್ದು ಆವಿಯಾಗಿ ಹೋಗ್ಬೇಕು, ನಿಮ್ಮ ಹಂಡೆ ನೀರು ಕಾಯೋದು ಆಮೇಲಿನ ಮಾತು. ಚೆನ್ನಾಗಿ ಒಣಗಿದ್ದು ಅಂದ್ರೆ ನೂರಕ್ಕೆ ಇಪ್ಪತ್ತರ ಒಳಗೆ ನೀರು. ಅಜ್ಜಿ ಕಾಲದಲ್ಲಿ ಬೇಸಿಗೇಲೇ ಸೌದೆ ಸಿಗಿದು ಕೊಟ್ಟಿಗೆ ತುಂಬಿಸಿ, ನಾಳೆಗೆ ಬೇಕಾದ ಜಿಗ್ಗನ್ನ ಇವತ್ತು ರಾತ್ರಿಯೇ ಒಲೆ ಕಟ್ಟೆ ಮೇಲೆ ಇಟ್ಟು ಮಲಗ್ತಿದ್ರು, ಬೆಳಗ್ಗೆ ಅದು ಗರಿಗರಿ. ಈ ಒಂದು ಅಭ್ಯಾಸ ವಾಪಸ್ ಶುರು ಮಾಡಿದ ಮೇಲೆ ನಂಗೆ ಒಂದು ಉಂಡೆ ಬದಲು ಅರ್ಧ ಉಂಡೆ ಸಾಕಾಗ್ತಿದೆ. ನಮ್ಮದು ಅಪ್ಪ ಹಾಕಿಸಿದ ಅಸ್ತ್ರ ಮಾದರಿ ಒಲೆ, ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೇಲಿ 1974ರಲ್ಲಿ ಶುರುವಾದ ಅಸ್ತ್ರ ವಿಭಾಗದೋರು ರೂಪಿಸಿದ್ದು, ಹೊಗೆ ಕೊಳವೆ, ಕೆಳಗೆ ಕಬ್ಬಿಣದ ಜಾಲರಿ ಎಲ್ಲ ಇದೆ. ಆ ಜಾಲರಿ ಕೆಳಗಿನ ಬೂದಿ ನಾನು ವಾರಗಟ್ಟಲೆ ತೆಗೆದೇ ಇರ್ಲಿಲ್ಲ, ಗಾಳಿ ಬರೋ ದಾರಿ ಮುಚ್ಚಿ ಕ್ಯೂಬಿಗೆ ಬೈತಿದ್ದೆ. ಬೂದಿ ತೆಗೆದ ದಿನ ಅದೇ ಎಂಟು ನಿಮಿಷದ ಕ್ಯೂಬು ಸಲೀಸಾಗಿ ಸೌದೆ ಹತ್ತಿಸ್ತು. ಅದಕ್ಕೇ ಮೊದಲು ಎರಡು ಸ್ಟಾರ್ ಕೊಡೋಣ ಅಂತಿದ್ದೋನು ಅರ್ಧ ಸೇರಿಸಿದ್ದೀನಿ, ಎಲ್ಲಾ ತಪ್ಪೂ ಅದರದ್ದಲ್ಲ.

ಯಾರು ತಗೋಬೋದು ಅಂದ್ರೆ, ವರ್ಷಕ್ಕೆ ನಾಲ್ಕು ಸಲ ಟೆರೇಸ್ ಮೇಲೆ ಬಾರ್ಬೆಕ್ಯೂ ಮಾಡೋ ಬೆಂಗಳೂರಿನೋರು ತಗೊಳ್ಳಿ, ಆದ್ರೆ ಸೀಮೆಎಣ್ಣೆ ವಾಸನೆದು ಬೇಡ, ಮೇಣ ಮತ್ತೆ ಮರದ ಎಳೇದು ನೋಡಿ ತಗೊಳ್ಳಿ, ತಿನ್ನೋ ಪದಾರ್ಥ ಇಡೋಕೆ ಮುಂಚೆ ಅದು ಪೂರ್ತಿ ಉರಿದು ಹೋಗಿರ್ಲಿ. ಹೋಂಸ್ಟೇನೋರೂ ತಗೊಳ್ಳಿ. ಅಡುಗೆಮನೆ ಶೆಲ್ಫಲ್ಲಿ ಮಾತ್ರ ಇಡ್ಬೇಡಿ, ಗಟ್ಟಿ ಮುಚ್ಚಳದ ಡಬ್ಬೀಲಿ ಹಾಕಿ ಕಾಫಿಪುಡಿಯಿಂದ ದೂರ ಇಡಿ.

ಮೊಟ್ಟೆ ಟ್ರೇ ರಗಳೆ ಹೆಂಗೆ ಮುಗೀತು ಅಂತ ಹೇಳಲೇ ಇಲ್ಲ. ಹೋದ ತಿಂಗಳು ನಾನು ಎರಡು ದಿನ ಶಿವಮೊಗ್ಗಕ್ಕೆ ಹೋಗಿ ಬಂದಾಗ ಜಗಲೀಲಿ ಸಾಲಾಗಿ ಸಣ್ಣ ಸಣ್ಣ ಎಲೆ ದೊನ್ನೆ, ಒಂದೊಂದರಲ್ಲೂ ಸಿಪ್ಪೆ ನಾರು, ಮೇಲೆ ಮೇಣ. ದೇವಸ್ಥಾನದಲ್ಲಿ ಪ್ರಸಾದ ಕೊಡ್ತಾರಲ್ಲ ಅದೇ ದೊನ್ನೆ. ಅಮ್ಮ ನಾನಿಲ್ದಾಗ ನಲವತ್ತು ಮಾಡಿದ್ರು, ನೀರಿನ ಪಾತ್ರೆ ಒಳಗೆ ಡಬ್ಬಿ ಇಟ್ಟೇ. ಟೈಮರ್ ಇಟ್ಟು ನೋಡ್ದೆ, ಹನ್ನೊಂದೂವರೆ ನಿಮಿಷ. ಅದರಲ್ಲಿ ಹದಿನೈದು ಆಗ್ಲೇ ದೊಡ್ಡಮ್ಮನ ಮನೆಗೆ ಹೋಗಿದೆ, ಇನ್ನೊಂದಿಷ್ಟನ್ನ ದೀಪಾವಳಿಲಿ ನೀರು ತುಂಬೋ ಹಬ್ಬದ ಮಾರನೇ ಬೆಳಗ್ಗೆ ಎಣ್ಣೆ ಸ್ನಾನಕ್ಕೆ ಅಂತ ಎತ್ತಿಟ್ಟಿದಾರೆ, ಮನೆ ತುಂಬಾ ಜನ ಇರ್ತಾರಲ್ಲ. ನಿನ್ನೆ ನಾನು ಪೇಟೆಗೆ ಹೊರಟಾಗ "ಮೇಣ ಖಾಲಿ, ಎರಡು ಕೆಜಿ ತಗೊಂಡ್ಬಾ, ಹಂಗೇ ಅರ್ಧ ಕೆಜಿ ಕಾಫಿಪುಡಿ, ಎರಡನ್ನೂ ಒಂದೇ ಚೀಲಕ್ಕೆ ಹಾಕ್ಬೇಡ ಮಾರಾಯ" ಅಂದ್ರು.